ಮದರಾಸಿಗೆ ಹೋದ ಬದುವಿನ ಜಗಳ

ಹೊಸಪೇಟೆಯಿಂದ ಅನಂತಶಯನಗುಡಿ ಮೇಲೆ ಹಂಪಿಗೆ ಬಸ್ಸಲ್ಲಿ ಹೋಗಿದ್ರೆ ನಮ್ಮ ಕಡ್ಡಿರಾಂಪುರ ದಾಟಿರ್ತೀರಿ. ನೋಡಿರಲ್ಲ ಬಿಡಿ, ಎಲ್ಲರ ಕಣ್ಣೂ ಮುಂದಿನ ವಿರೂಪಾಕ್ಷನ ಗೋಪುರದ ಮೇಲೇ :-)

ನಮ್ಮಜ್ಜ "ಸರ್ಕಾರ" ಅಂದ್ರೆ ಯಾವ ಸರ್ಕಾರ ಅಂತ ಕೇಳಬೇಕಿತ್ತು. ನಾವಿದ್ದದ್ದು ಮದರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಹರಗೋಲಲ್ಲಿ ಹೊಳೆ ದಾಟಿ ಆನೆಗೊಂದಿಗೆ ಇಳಿದ್ರೆ ನಿಜಾಮನ ಸೀಮೆ, ಅಲ್ಲಿ ರೂಪಾಯಿಯೂ ಬೇರೆ. ದಕ್ಷಿಣದ ಗುಡ್ಡದಾಚೆ ಘೋರ್ಪಡೆಯವರ ಸಂಡೂರು ಸಂಸ್ಥಾನ.

1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಮಂತ್ರಾಲಯದ ರಾಯರ ಕಥೇಲಿ ಬರ್ತಾನಲ್ಲ, ಅವನೇ. ಹೊಲ ಹೊಲ ಅಳೆಸಿ ಒಬ್ಬೊಬ್ಬ ರೈತನ ಹೆಸರಿಗೂ ಕಂದಾಯ ಕಟ್ಟಿದ. 1807ರಲ್ಲಿ ಹೊರಡೋ ಹೊತ್ತಿಗೆ, ಇದು ಜಾಸ್ತಿ, ನೂರಕ್ಕೆ 25 ಇಳಿಸಿ ಅಂತ ತಾನೇ ಬರೆದ. ಮೇಲಿನವರು ಕೇಳದೆ ಊರೂರನ್ನೇ ಗುತ್ತಿಗೆಗೆ ಕೊಟ್ಟರು. ಮನ್ರೋನ ಹೊಗಳೋರು ಬಹಳ ಜನ. ನನಗೆ ಪೂರ್ತಿ ಮನಸ್ಸು ಬರಲ್ಲ, ಕಟ್ಟಿದವನೂ ಅವನೇ ತಾನೆ?

ಅಂತೂ ಹೊಲಕ್ಕೆ ಲೆಕ್ಕ ಬಂತು, ಕಿಸ್ತು ಬಂತು, ಕರಣಂ ಬರೆದದ್ದೇ ಮಾತು ಅಂತಾಯ್ತು. ನಮ್ಮ ಅಜ್ಜನಿಗೂ ಅವರ ಅಣ್ಣನಿಗೂ ಒಂದು ಬದುವಿನ ಜಗಳ. ಹೊಸಪೇಟೆ, ಬಳ್ಳಾರಿ ಮುಗಿಸಿ ಕೇಸು ಮದರಾಸ್ ಹೈಕೋರ್ಟಿಗೇ ಹೋಯ್ತು. ಇಬ್ಬರಿಗೂ ಇಂಗ್ಲಿಷ್ ಬರದು. "ನಾನು ಕನ್ನಡದಾಗ ಹೇಳಿದ್ನೆಪಾ, ಅವ್ರು ಇಂಗ್ಲೀಷಿನಾಗ ಬರಕಂಡ್ರು. ನಾ ಏನು ಹೇಳೀನಿ ಅಂತ ನನಿಗೇ ಗೊತ್ತಿಲ್ಲ" ಅಂತಿದ್ದ ಅಜ್ಜ. ಕೇಸು ಗೆದ್ದ. ವಕೀಲರ ಫೀಜು ಕೊಡೋಕೆ ಅರ್ಧ ಹೊಲ ಮಾರಿದ. ಅಣ್ಣ ಸತ್ತಾಗ ಮಣ್ಣಿಗೆ ಹೋಗಲಿಲ್ಲ. ಎದುರು ಬೀದಿಯ ಆ ಮನೆಯವರು ನಮ್ಮಲ್ಲಿ ಇವತ್ತಿಗೂ ಉಣ್ಣಲ್ಲ.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1949ರಲ್ಲಿ ಸಂಡೂರು ಮದರಾಸಿಗೆ ಸೇರಿ, 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರಿನವರಾದ್ವಿ. ಅಜ್ಜ ಮಾತ್ರ ಸಾಯೋತನಕ ಪಹಣಿಗೆ ಅಡಂಗಲ್ ಅಂತಲೇ ಅಂದ.

ಆ ತೀರ್ಪು ಈಗ ನನ್ನ ಹತ್ರ ಇದೆ, ಓದಿದೆ. ಅಜ್ಜನ ಹೆಸರು ಎರಡು ಕಡೆ ಎರಡು ಥರ ಬರೆದಿದ್ದಾರೆ. ಬೇವಿನ ಮರದಿಂದ ಗುಂಡುಕಲ್ಲಿನ ತನಕ ಬದು ಅಂತ ಅವನು ಹೇಳ್ತಿದ್ದದ್ದು ಅದರಲ್ಲೆಲ್ಲೂ ಇಲ್ಲ. ಕನ್ನಡ ಮಾಡ್ತಿದ್ದೀನಿ. ಮುಗಿದ ಮೇಲೆ ಎರಡು ಪ್ರತಿ ತೆಗೆದು, ಒಂದನ್ನ ಎದುರು ಮನೆಗೆ ಕೊಡಬೇಕು. ಅವರು ತಗೋತಾರೋ ಇಲ್ಲವೋ...