ಹತ್ತಿರದ ಮನೆ ಯಾವುದು?

ಮಕ್ಕಳೇ, ಹೊಸ ಊರಿನಲ್ಲಿ ಮನೆ ಹುಡುಕುವಾಗ ‘ಹತ್ತಿರ’ ಎಂಬುದನ್ನು ಹೇಗೆ ಅಳೆಯಬೇಕು?

ಪೀಣ್ಯದ ಕೆಲಸಕ್ಕೆಂದು ಟಿ. ದಾಸರಹಳ್ಳಿಗೆ ಬಂದಾಗ ನಾವು ಎರಡು ಬಾಡಿಗೆ ಮನೆ ನೋಡಿದೆವು. ಒಂದರಿಂದ ಮಗಳ ಶಾಲೆಗೆ 300 ಮೀಟರ್; ಆದರೆ ನಡುವೆ ತುಮಕೂರು ರಸ್ತೆ. ಇನ್ನೊಂದರಿಂದ 600 ಮೀಟರ್, ಹೆದ್ದಾರಿ ದಾಟಬೇಕಿಲ್ಲ.

ಮಗಳ ಜೊತೆ ನಡೆದು ನೋಡಿದೆ. ನಿಮಿಷಕ್ಕೆ ಸುಮಾರು 60 ಮೀಟರ್ ನಡಿಗೆ. ಮೊದಲ ಮನೆಯಿಂದ ನಡೆದದ್ದು 5 ನಿಮಿಷ, ಲಾರಿಗಳು ಹೋಗಲೆಂದು ಕಾದದ್ದು 7 ನಿಮಿಷ, ಒಟ್ಟು 12. ಎರಡನೆಯದರಿಂದ ಬರೀ 10 ನಿಮಿಷ, ಅಪಾಯವೂ ಕಡಿಮೆ. ಅದನ್ನೇ ಆರಿಸಿದೆವು. 2015ರಲ್ಲಿ ಆರಂಭವಾದ ದಾಸರಹಳ್ಳಿ ಮೆಟ್ರೊ ನಿಲ್ದಾಣಕ್ಕೂ ಅಲ್ಲಿಂದ ನಡೆದೇ ಹೋಗಬಹುದು.

ನೀವೂ ಮಾಡಿ ನೋಡಿ: ಶಾಲೆಯ ದಾರಿಯಲ್ಲಿ ನಡೆದ ನಿಮಿಷ, ಕಾದ ನಿಮಿಷ ಬೇರೆ ಬೇರೆ ಬರೆಯಿರಿ. ಹೆಚ್ಚು ಕಾಯುವ ಜಾಗ ಯಾವುದು? ಅದನ್ನು ನಿಮ್ಮ ಶಿಕ್ಷಕರಿಗೆ ತಿಳಿಸಿ.