ಪೇಟಿಯ ಧ್ವನಿಯೂ ನೆರೆಮನೆಯ ನಿದ್ರೆಯೂ

ಪರೀಕ್ಷೆಗಳ ಫಲವನ್ನೂ ಹೊಸ ಕೋಣೆಗಳ ಖರ್ಚನ್ನೂ ಕುರಿತು ನಾಲ್ಕು ಮಾತು ಬರೆಯುವದು ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಿನಿಯ ಪಾಲಿಗೆ ಬಂದ ಕೆಲಸ. ಆ ಅಂಕಿಗಳನ್ನು ಪಾಲಕರು ಬೇರೆ ಪುಟದಲ್ಲಿ ಕಾಣುವರು. ಈ ಸಾರೆ ನಾನು ಒಂದು ಹಾರ್ಮೋನಿಯಂ ಪೇಟಿಯ ಸಂಗತಿಯನ್ನು ಬರೆಯಬೇಕೆಂದಿದ್ದೇನೆ. ಅದನ್ನು ಬರೆಯಹೊರಟರೆ ನನ್ನದೊಂದು ತಪ್ಪನ್ನೂ ಹೇಳದೆ ಗತ್ಯಂತರವಿಲ್ಲ.

ಕಳೆದ ದಸರೆಯ ರಜೆಯಲ್ಲಿ ನಮ್ಮ ವಸತಿಗೃಹದ ಒಬ್ಬ ಹುಡುಗಿಗೆ ಶಾಲೆಯ ಹಳೆಯ ಪೇಟಿಯನ್ನು ಮನೆಗೊಯ್ಯಲು ಕೊಟ್ಟಿದ್ದೆನು. ಅವಳ ಮನೆ ನನ್ನ ಹುಟ್ಟೂರಾದ ಬೋರಗಾಂವದಲ್ಲಿಯೇ. ದೀಪಾವಳಿಯ ತರುವಾಯ ಅವಳಿಗೆ ಸಂಗೀತದ ಪರೀಕ್ಷೆಯಿದ್ದುದರಿಂದ ರಜೆಯಲ್ಲಿ ಕೈ ಬಿಟ್ಟುಹೋಗಬಾರದೆಂಬದು ನನ್ನ ಇಚ್ಛೆ. ಐದನೆಯ ದಿನವೇ ಅವಳ ತಂದೆಯು ಪೇಟಿಯನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನನ್ನ ಬಾಗಿಲಲ್ಲಿ ಇಳಿಸಿದನು.

"ಅಕ್ಕೋರ, ಪೇಟಿ ಬ್ಯಾಡ್ರಿ. ಬಾಜೂಕ ಮಾಲಕರ ಮನಿ. ಬಾರಸೂದ ನಿಲ್ಲಸ್ರಿ, ಇಲ್ಲಾಂದ್ರ ಮನಿ ಬಿಡ್ರಿ ಅಂದಾರ. ಹೆಣ್ಣಮಕ್ಕಳು ಪೇಟಿ ಬಾರಿಸಿ ಏನ್ ಮಾಡೋದೈತಿ ಅಂತನೂ ಅಂದ್ರು."

ಅವನಿಗೆ ನೀರು ಕೊಟ್ಟು ಕುಳ್ಳಿರಿಸಿದೆನು. ಆದರೆ ಮೂವತ್ತು ವರ್ಷಕ್ಕೂ ಹಿಂದಿನ ಮತ್ತೊಂದು ಗೋಡೆಯ ನೆನಪಾಗಿ, ಅವನಿಗೆ ಕೂಡಲೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ.

ನಾನು ಹದಿಮೂರು ವರ್ಷದವಳಿದ್ದಾಗ ನನ್ನ ತಂದೆಯವರು ಮಿರಜಿನಿಂದ ಒಂದು ಪೇಟಿಯನ್ನು ಕೊಂಡು ತಂದರು. ಮಿರಜ ನಮ್ಮ ಸೀಮೆಯವರಿಗೆ ವಾದ್ಯಗಳ ತವರುಮನೆ. ಸಿತಾರು ತಂಬೂರಿಗಳನ್ನು ಮಾಡುವ ಮನೆತನಗಳು ಅಲ್ಲಿ ತಲೆತಲಾಂತರದಿಂದ ಇವೆ. ಖಾನಸಾಹೇಬ ಅಬ್ದುಲ್ ಕರೀಮಖಾನರು 1937ರಲ್ಲಿ ತೀರಿಕೊಳ್ಳುವ ತನಕ ಬಹು ವರ್ಷ ಇದ್ದದ್ದೂ ಅಲ್ಲಿಯೇ. ಪೇಟಿ ಹಳೆಯದು, ಅದರ ತಿದಿಗೆ ಒಂದು ತೇಪೆಯೂ ಇದ್ದಿತು. ಆದರೂ ಅದು ಮನೆಗೆ ಬಂದ ದಿನ ನಮ್ಮ ಅವ್ವ ಆರತಿಯ ತಟ್ಟೆಯನ್ನು ತಾರದೆ ಉಳಿದದ್ದೇ ಹೆಚ್ಚು.

ನಮ್ಮ ಮನೆಯೂ ನೆರೆಯ ಮನೆಯೂ ಒಂದೇ ಮಣ್ಣಿನ ಗೋಡೆಯ ಎರಡು ಬದಿಗಿದ್ದವು. ಆ ಮನೆಯಲ್ಲಿ ಬಾಡಿಗೆಗಿದ್ದ ಕಾಕಾ ಹತ್ತಿರದ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಕೆಲಸದವರು. ಒಂದು ವಾರ ಹಗಲಪಾಳಿ, ಒಂದು ವಾರ ರಾತ್ರಿಪಾಳಿ, ಪಾಳಿಯೆಂದರೆ ಹನ್ನೆರಡು ತಾಸು. ರಾತ್ರಿಪಾಳಿಯ ವಾರದಲ್ಲಿ ಅವರು ಸೈಕಲ್ಲಿನಲ್ಲಿ ಮನೆ ಸೇರುವಾಗ ಬೆಳಿಗ್ಗೆ ಒಂಬತ್ತರ ಹೊತ್ತು. ನಾನು ಶಾಲೆಗೆ ಹೋಗುವ ಮೊದಲು ಪೇಟಿ ಬಾರಿಸುತ್ತಿದ್ದದ್ದೂ ಒಂಬತ್ತರಿಂದ ಹತ್ತರ ವರೆಗೆ. ಒಂದೇ ಅಲಂಕಾರವನ್ನು ಇಪ್ಪತ್ತು ಸಾರೆ, ಮೂವತ್ತು ಸಾರೆ ಬಾರಿಸುವದು. ತಪ್ಪಿದಲ್ಲಿ ಮೊದಲಿನಿಂದ ಹಿಡಿಯುವದು. ಗುರುಗಳ ಅಪ್ಪಣೆ ಹಾಗಿದ್ದಿತು.

ಮೊದಲು ಗೋಡೆಯ ಮೇಲೆ ಎರಡು ಪೆಟ್ಟು ಕೇಳಿಸಿದವು. ಆಮೇಲೆ ಕಾಕಾ ತಾವೇ ಬಾಗಿಲಿಗೆ ಬಂದು ನಮ್ಮ ತಂದೆಯವರೊಡನೆ ಮಾತಾಡಿದರು. "ರಾತ್ರಿಯೆಲ್ಲಾ ಮಗ್ಗದ ಗದ್ದಲದಲ್ಲಿ ಇರುವ ಕಿವಿಗೆ ಪೇಟಿಯ ಸದ್ದು ಹೆಚ್ಚಾಯಿತೇ?" ಎಂದು ನಮ್ಮ ಅವ್ವ ಒಳಗಿನಿಂದ ಅಂದದ್ದು ಅವರಿಗೆ ಕೇಳಿಸದೆ ಇರಲಿಲ್ಲ. ಅಡ್ಡಿಯ ಲಾಳಿಗಳಿರುವ ಮಗ್ಗದ ಕೋಣೆಯಲ್ಲಿ ಸದ್ದು ತೊಂಬತ್ತು ಡೆಸಿಬೆಲ್ಲಿಗೂ ಮೀರುತ್ತದೆ, ಅಲ್ಲಿ ಪಕ್ಕದವನೊಡನೆ ಕೈಸನ್ನೆಯಿಂದಲೇ ಮಾತಾಡಬೇಕು. ಅಂಥಲ್ಲಿಂದ ಬಂದವನಿಗೆ ಮೌನವು ಊಟದಷ್ಟೇ ಅವಶ್ಯವಾದದ್ದೆಂಬದು ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ನಲ್ಲಿಯ ಹತ್ತಿರ ಅವರ ಮನೆಯ ಕಾಕೂ ನನ್ನನ್ನು ತಡೆದು ನಿಲ್ಲಿಸಿದರು. ಸಿಟ್ಟಿನ ಮಾತೇನೂ ಆಡಲಿಲ್ಲ. "ಪೇಟಿ ಚಲೋ ಬಾರಸ್ತಿ ಮಗಾ. ಆದರ ಇವರಿಗೆ ನಿದ್ದಿ ಆಗವಲ್ದು. ಮಗ್ಗದ ಮುಂದ ತೂಕಡಿಸಿದ್ರ ಕೈ ಸಿಗತೈತಿ. ನಿಮ್ಮಪ್ಪಾರಿಗೆ ಇಷ್ಟ ಹೇಳು." ನಾನು ಹೂಂ ಎಂದು ಕೊಡ ಎತ್ತಿಕೊಂಡು ಬಂದೆನು. ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಪರೀಕ್ಷೆಗೆ ಆರು ವಾರಗಳಿದ್ದವು. ಹೇಳಿದರೆ ತಂದೆಯವರು ಬೆಳಗಿನ ಹೊತ್ತನ್ನು ತಪ್ಪಿಸುವರೆಂಬದು ನನಗೆ ಚೆನ್ನಾಗಿ ಗೊತ್ತಿದ್ದಿತು.

ತಂದೆಯವರು ಊರಿನ ಮಾಸ್ತರರು. ಆ ಮನೆಯ ಮಾಲೀಕರು ಅವರಿಗೆ ಬೇಕಾದವರು. ಗೋಡೆ ಬಡಿಯುವ ವಿಷಯವನ್ನು ಅವರು ಎಲ್ಲಿಯೋ ಒಮ್ಮೆ ಹೇಳಿದರಂತೆ, ಅಷ್ಟೇ ಸಾಕಾಯಿತು. ತಿಂಗಳೊಳಗೆ ಕಾಕಾ ಕಾಕೂ ಎರಡು ಮಕ್ಕಳನ್ನು ಕರಕೊಂಡು ಮನೆ ಬಿಟ್ಟು ಇಚಲಕರಂಜಿಗೆ ಹೋದರು. ನನಗೆ ಪರೀಕ್ಷೆಯಲ್ಲಿ ಮೊದಲನೆಯ ದರ್ಜೆ ದೊರೆಯಿತು. ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಅದೇ ಗೋಡೆಗೆ ತೂಗಹಾಕಿದರು.

ಈಗ ಕಾಯಿದೆಯ ಮಾತನ್ನೂ ಸ್ವಲ್ಪ ನೋಡೋಣ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರ ವರೆಗಿನ ಹೊತ್ತು. ವಾಸದ ಮನೆಗಳಿರುವ ಕಡೆಗೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಪಡಿಸಿದ್ದಾರೆ. ವಾದ್ಯಗಳ ಹೆಸರೂ ಅಲ್ಲಿ ಬರುತ್ತದೆ. ನಮ್ಮ ಪೇಟಿಯ ಜಗಳ ಆ ನಿಯಮಗಳಿಗಿಂತ ಹಿಂದಿನದು. ಆದರೆ ಅವು ಆಗಲೇ ಇದ್ದರೂ ಬೆಳಿಗ್ಗೆ ಒಂಬತ್ತಕ್ಕೆ ಪೇಟಿ ಹಿಡಿದು ಕೂತ ಹುಡುಗಿಯು ಗಡಿಯಾರದ ಮಟ್ಟಿಗೆ ನಿರ್ದೋಷಿಯೇ ಆಗುತ್ತಿದ್ದಳು. ಕಾಯಿದೆಯ ರಾತ್ರಿ ಬೇರೆ, ಮಗ್ಗದವನ ರಾತ್ರಿ ಬೇರೆ. ಅವನ ರಾತ್ರಿ ಎಷ್ಟು ಹೊತ್ತಿಗೆ ಆರಂಭವಾಗುತ್ತದೆಂಬದನ್ನು ನೆರೆಯವರೇ ಕೇಳಿ ತಿಳಿಯಬೇಕಲ್ಲದೆ ಬೇರೆ ಉಪಾಯವಿಲ್ಲ.

ಮರುದಿನ ಆ ತಂದೆಯೊಡನೆ ಪೇಟಿಯನ್ನೂ ತಕ್ಕೊಂಡು ಬೋರಗಾಂವಕ್ಕೆ ಹೋದೆನು. ಹುಡುಗಿಯ ಮನೆಗೆ ಕಾಲಿಡದೆ ನೇರವಾಗಿ ಮಾಲೀಕರ ಮನೆಗೆ ಹೋಗಿ, ಸದ್ದು ಎಲ್ಲಿ ಕೂತವರಿಗೆ ಹೆಚ್ಚು ಕೇಳಿಸುವದೋ ಅಲ್ಲಿಯೇ ನನ್ನನ್ನು ಕೂಡ್ರಿಸಿರೆಂದು ಬೇಡಿಕೊಂಡೆನು. ವಾದಕ್ಕೆ ಸಿದ್ಧರಾಗಿ ನಿಂತಿದ್ದ ಯಜಮಾನರಿಗೆ ಇದು ಅನಪೇಕ್ಷಿತವಾಗಿರಬೇಕು. ಒಳಕೋಣೆಯಲ್ಲಿ ಅವರ ವೃದ್ಧ ತಾಯಿಯವರು ಬೇನೆಯಿಂದ ಮಲಗಿದ್ದರು. ಅವರ ಮಂಚದ ಕಾಲದೆಸೆಯಲ್ಲಿ ನನಗೆ ಒಂದು ಮಣೆ ಹಾಕಿದರು. ನೆರೆಮನೆಯಲ್ಲಿ ಹುಡುಗಿಯು ಬಾರಿಸತೊಡಗಿದಳು.

ಆ ಬದಿಗೆ ಕೇಳಿದ್ದು ಭೂಪ ರಾಗವಲ್ಲ. ರಾಗದ ಎತ್ತರದ ಸ್ವರಗಳೆಲ್ಲ ಗೋಡೆಯಲ್ಲಿಯೇ ಉಳಿದು, ಕಣಜದ ಹುಳುವು ಮಡಕೆಯಲ್ಲಿ ಸಿಕ್ಕಂಥ ಒಂದೇ ಸಮನಾದ ಗುಂಯ್ ಎಂಬ ಧ್ವನಿಯೂ ತಿದಿಯ ಧಡ್ ಧಡ್ ಎಂಬ ಪೆಟ್ಟೂ ಮಾತ್ರ ದಾಟಿ ಬರುತ್ತಿದ್ದವು. ಸಿತಾರಿನ ತಂತಿಯನ್ನು ಮೀಟಿದರೆ ಧ್ವನಿಯು ತಾನೇ ಅಡಗುತ್ತದೆ. ಪೇಟಿಯದು ಹಾಗಲ್ಲ, ಗಾಳಿಯಿರುವ ತನಕ ಸ್ವರವು ಎಳ್ಳಷ್ಟೂ ತಗ್ಗದು. ಅರ್ಧ ತಾಸು ಅಲ್ಲಿ ಕೂತು ನನಗೇ ತಲೆ ಭಾರವಾಯಿತು. ತಾಯಿಯವರು ಮೆಲ್ಲಗೆ ಇನ್ನೊಂದು ಮಾತು ಹೇಳಿದರು: "ಆ ಹುಡುಗಿ ಒಂದ ಜಾಗಾದಾಗ ತಪ್ಪತಾಳ್ರಿ. ಈಗ ತಪ್ಪತಾಳ, ಈಗ ತಪ್ಪತಾಳ ಅಂತ ಕಾಯಕೋತ ಬಿದ್ದಿರತೇನಿ. ಕಣ್ಣ ಹತ್ತೂದಿಲ್ಲ." ಸದ್ದಿಗಿಂತ ಸದ್ದಿನ ದಾರಿ ಕಾಯುವದೇ ಹೆಚ್ಚಿನ ಕಾಟವೆಂಬದನ್ನು ನನ್ನ ಅಧ್ಯಾಪನದ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.

ಆಮೇಲೆ ಹುಡುಗಿಯ ಮನೆಗೆ ಹೋಗಿ ನೋಡಿದರೆ, ಪೇಟಿಯನ್ನು ಹಲಗೆಯ ಮಂಚದ ಮೇಲೆ ಇಟ್ಟು ಮಂಚವನ್ನು ನಡುಗೋಡೆಗೆ ತಾಗಿಸಿದ್ದರು. ಪೇಟಿಯ ನಡುಕವು ಹಲಗೆಗೆ, ಹಲಗೆಯಿಂದ ಗೋಡೆಗೆ, ಗೋಡೆಯಿಂದ ರೋಗಿಯ ತಲೆದಿಂಬಿಗೆ! ಪೇಟಿಯನ್ನು ಎದುರು ಮೂಲೆಯ ನೆಲಕ್ಕೆ ಇಳಿಸಿ ಅಡಿಗೆ ನಾಲ್ಕು ಮಡಿಕೆಯ ಕಂಬಳಿ ಹಾಕಿಸಿದೆನು. ನಡುಗೋಡೆಗೆ ಕೌದಿಯನ್ನು ತೂಗಬಿಟ್ಟೆವು. ಕೌದಿಯಿಂದ ಕೋಣೆಯೊಳಗಿನ ಕೀಚು ಧ್ವನಿ ಸ್ವಲ್ಪ ತಗ್ಗುವದೇ ಹೊರತು ಆ ತಗ್ಗಿನ ಗುಂಯ್ ಎಂಬದನ್ನು ಬಟ್ಟೆಯು ತಡೆಯಲಾರದು. ಅದಕ್ಕೆ ದೂರವೂ ಕಂಬಳಿಯೂ ಬೇಕು. ಆಧಾರಸ್ವರದ ಗುಬ್ಬಿಗಳನ್ನು ಒಳಕ್ಕೆ ತಳ್ಳಿಸಿದೆನು. ಬೆರಳುಗಳ ಸಾಧನೆಯಷ್ಟೇ ಬೇಕಾದಾಗ ತಿದಿ ಒತ್ತದೆ ಪಟ್ಟಿಗಳ ಮೇಲೆ ಬರೇ ಬೆರಳಾಡಿಸಲು ಹೇಳಿದೆನು. ತಪ್ಪುವ ಜಾಗವನ್ನು ಹಾಗೆಯೇ ಸಾವಕಾಶವಾಗಿ ತಿದ್ದಿಕೊಂಡು ಆಮೇಲೆ ಗಾಳಿ ಹಾಕಬೇಕು. ತಿರುಗಿ ಹೋಗಿ ಮಣೆಯ ಮೇಲೆ ಕೂತೆನು. ಸದ್ದು ಇದ್ದೇ ಇದ್ದಿತು, ಅರ್ಧಕ್ಕೆ ಇಳಿದಂತೆ ತೋರಿತು.

ಉಳಿದದ್ದು ಹೊತ್ತಿನ ಪ್ರಶ್ನೆ. ತಾಯಿಯವರು ಔಷಧ ತಕ್ಕೊಂಡು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮಲಗುವರು. ಹುಡುಗಿಯು ಬಾರಿಸುತ್ತಿದ್ದದ್ದು ಸರಿಯಾಗಿ ಎರಡಕ್ಕೆ! ಸಂಜೆ ನಾಲ್ಕೂವರೆಯಿಂದ ಐದೂವರೆ ಎಂದು ಗೊತ್ತುಮಾಡಿದೆವು. ಬೇನೆ ಹೆಚ್ಚಾದ ದಿನ ಒಂದು ಮಾತು ಹೇಳಿ ಕಳಿಸಿದರೆ ಪೇಟಿ ಮುಚ್ಚಿಯೇ ಇರತಕ್ಕದ್ದು.

ಇಷ್ಟನ್ನು ನಾನು ಸಂತೋಷದಿಂದ ಬಿಟ್ಟುಕೊಟ್ಟೆನು. ಆದರೆ ಯಜಮಾನರ ಇನ್ನೊಂದು ಮಾತನ್ನು, ಹೆಣ್ಣುಮಕ್ಕಳಿಗೆ ಪೇಟಿ ಏತಕ್ಕೆಂಬದನ್ನು, ಬಿಟ್ಟುಕೊಡಲಿಲ್ಲ. ಅದು ಕಿವಿಯ ದೂರಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಹಾದಿಯಲ್ಲಿ ನಡೆದರೆ "ಗಾನೇವಾಲಿ" ಎಂದು ಹಂಗಿಸುವವರಿದ್ದರು. ಅವರ ದನಿಯಿಂದ ಯಾರ ನಿದ್ರೆ ಕೆಟ್ಟಿತ್ತು? ಯಜಮಾನರಿಗೆ ಇದನ್ನು ಹೇಳಿದೆನು. ನಮ್ಮ ನೆರೆಯ ಕಾಗವಾಡದಲ್ಲಿ 1917ರಲ್ಲಿ ಜನಿಸಿ ಬೆಳಗಾವಿಯಲ್ಲಿ ಬಹುಕಾಲ ಹಾರ್ಮೋನಿಯಂ ಕಲಿಸಿದ ಪಂಡಿತ ರಾಮಭಾವು ವಿಜಾಪುರೆಯವರ ಹೆಸರನ್ನೂ ಹೇಳಿದೆನು. ಪೇಟಿಗೂ ಅವಮಾನ ಹೊಸದಲ್ಲ. 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗೆ ಹಾಕಿದ್ದು, ಒಳಗೆ ಬರಗೊಟ್ಟದ್ದು 1971ರಲ್ಲಿ. ಯಜಮಾನರು ಒಪ್ಪಿದರೆಂದು ನಾನು ಹೇಳಲಾರೆ. "ಮನಿ ಬಿಡ್ರಿ ಅನ್ನೂದಿಲ್ಲ" ಎಂದಷ್ಟೇ ಅಂದರು, ಮತ್ತು ಚಹ ತರಿಸಿದರು.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ನಮ್ಮ ಹಳೆಯ ಓಣಿಯ ಕಡೆಗೆ ನಡೆದೆನು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನದು ಬಂದಿದೆ. ಎದುರು ಮನೆಯ ಆಯಿಯವರು ನನ್ನನ್ನು ಗುರುತಿಸಿ ಕರೆದರು. ಮಗ್ಗದ ಕಾಕಾ ಈಗ ಎಲ್ಲಿರುವರೆಂದು ಕೇಳಿದೆನು. ಇಚಲಕರಂಜಿಯಲ್ಲಿ ಮಗನ ಹತ್ತಿರ ಇರುವರಂತೆ. ಕಾಕೂ ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಕಾಕಾರಿಗೆ ಕಿವಿ ಪೂರ್ತಿ ಮಂದವಾಗಿದೆ, ಕೂಗಿ ಮಾತಾಡಬೇಕಂತೆ.

ಆಯಿಯವರ ಮೊಮ್ಮಗನಿಂದ ವಿಳಾಸ ಬರೆಸಿಕೊಂಡು ಬಂದಿದ್ದೇನೆ. ಅದು ನನ್ನ ಮೇಜಿನ ಮೇಲಿನ ಹಾಜರಿ ಪುಸ್ತಕದಲ್ಲಿದೆ. ದೀಪಾವಳಿಗೆ ಹೋಗಬೇಕೆಂದಿದ್ದೆನು, ಆಗಲಿಲ್ಲ. ಈ ಸಂಚಿಕೆಯು ಅಚ್ಚಾಗಿ ನಿಮ್ಮ ಕೈ ಸೇರುವ ಮೊದಲು ಒಂದು ರವಿವಾರ ಹೋಗಿ ಬರುವೆನು.