ಮೈಸೂರಿನಿಂದ ನಾಪೋಕ್ಲಿಗೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯು ಸುಮಾರು 120 ಕಿಲೋಮೀಟರು ಉದ್ದವಾದುದು. ಮೋಟಾರಿನಲ್ಲಿ ಕುಳಿತವರಿಗೆ ಇದು ಒಂದು ನಿದ್ರೆ, ಒಂದು ಕಾಫಿ, ಅಷ್ಟರಲ್ಲಿ ಮುಗಿಯುವುದು. ಬೈಸಿಕಲ್ಲಿನವರಿಗಾದರೋ ಇದು ಒಂದಲ್ಲ, ಎರಡು ರಸ್ತೆ. ಕುಶಾಲನಗರದವರೆಗಿನ 90 ಕಿಲೋಮೀಟರುಗಳ ಏರಿಳಿತಗಳು ಬಯಲುಸೀಮೆಯ ಸೌಮ್ಯವಾದ ಏರಿಳಿತಗಳು. ಮುಂದಿನ 30 ಕಿಲೋಮೀಟರುಗಳಲ್ಲಿ 300 ಮೀಟರಿನಷ್ಟು ಎತ್ತರವನ್ನು ಹತ್ತಬೇಕು. 65ನೆಯ ವಯಸ್ಸಿನಲ್ಲಿ ಈ ಲೆಕ್ಕವನ್ನು ಮಂಡಿಗಳು ತಾವಾಗಿಯೇ ಮಾಡಿಕೊಳ್ಳುತ್ತವೆ.

ನಾವು 2024ರ ಏಪ್ರಿಲ್ ತಿಂಗಳಲ್ಲಿ ಈ ದಾರಿ ಹಿಡಿದುದು ಹಾಕಿ ಆಟವನ್ನು ನೋಡುವುದಕ್ಕಾಗಿ. ಆ ಆಟದಲ್ಲಿ ನಮಗೆ ಸ್ವಂತವಾದ ಪ್ರವೇಶವೇನೂ ಇಲ್ಲ. ಅದು ನಮ್ಮ ಪತ್ನಿಯ ಆಟ. ಆಕೆ ಬೆಳೆದುದು ನಾಪೋಕ್ಲಿನಲ್ಲಿ. ತಂದೆಯವರು ಅಲ್ಲಿಯ ಅಂಚೆಕಚೇರಿಯಲ್ಲಿದ್ದರು; ಕೊಡವರಲ್ಲ. ಆದರೆ ನೆರೆಯ ಕೊಡವರ ಮನೆಯೊಂದರ ಅಂಗಳದಲ್ಲಿಯೇ ಆಕೆಯ ಬಾಲ್ಯವೆಲ್ಲ ಕಳೆಯಿತು. ಆ ಮನೆಯ ಹುಡುಗರೊಡನೆ ಬಿದಿರಿನ ಬೇರಿನ ಕೋಲು ಹಿಡಿದು ಆಡಿ, ಅವರ ಬೈಸಿಕಲ್ಲಿನಲ್ಲಿಯೇ ಸವಾರಿ ಕಲಿತು, ಮದುವೆಯಾಗಿ ಮೈಸೂರಿಗೆ ಬಂದಳು.

ಕೊಡಗಿಗೂ ಹಾಕಿಗೂ ಇರುವ ನಂಟನ್ನು ವಾಚಕರು ಬಲ್ಲರು. 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್, 1975ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದ ಬಿ. ಪಿ. ಗೋವಿಂದ, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದ ಎಂ. ಎಂ. ಸೋಮಯ್ಯ, ಇವರೆಲ್ಲರೂ ಆ ಪುಟ್ಟ ಸೀಮೆಯವರು. ಆದರೆ ನಮ್ಮಾಕೆಗೆ ಈ ದೊಡ್ಡ ಹೆಸರುಗಳಿಗಿಂತ ಹೆಚ್ಚಿನದು ಕೊಡವ ಕುಟುಂಬಗಳ ‘ಹಾಕಿ ನಮ್ಮೆ’. ನಮ್ಮೆಯೆಂದರೆ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಕೂಡಿಸಿ ಇದನ್ನು ಆರಂಭಿಸಿದರು. ಪ್ರತಿ ವರ್ಷವೂ ಒಂದೊಂದು ಮನೆತನವು ಉತ್ಸವದ ಭಾರವನ್ನು ಹೊರುವುದು. ಕಪ್ಪಿಗೆ ಆ ಮನೆತನದ್ದೇ ಹೆಸರು. ತಂಡಕ್ಕೆ ಆಟಗಾರರನ್ನು ಹೊರಗಿನಿಂದ ತರುವಂತಿಲ್ಲ. ಅಜ್ಜ, ಮೊಮ್ಮಗ, ಸೊಸೆ, ಶಾಲೆಯ ಹುಡುಗಿ, ರಜೆಯ ಮೇಲೆ ಬಂದ ಸಿಪಾಯಿ, ಒಂದೇ ಕುಟುಂಬದವರಾದರೆ ಸಾಕು, ಒಂದೇ ತಂಡದಲ್ಲಿ ಆಡುವರು. ಅಂತಹ ಆಟವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ನಮ್ಮಾಕೆಯು ನೆರೆಮನೆಯವರ ತಂಡವನ್ನೇ ತನ್ನ ತಂಡವೆಂದು ಹಿಡಿದಳು. ಆ ಮನೆತನದ ಹೆಸರನ್ನು ಇಲ್ಲಿ ಬರೆಯುವುದು ಅನಗತ್ಯ. ಮೂರನೆಯ ಸುತ್ತನ್ನು ದಾಟಿದ ತಂಡವಲ್ಲವೆಂದರೆ ಸಾಕು. ನೀಲಿ ರಟ್ಟಿನ ಒಂದು ನೋಟುಪುಸ್ತಕದಲ್ಲಿ ಅವರ ಆಟಗಳನ್ನೆಲ್ಲ ಆಕೆ ಬರೆದಿಟ್ಟಳು. 2018ರ ಉತ್ಸವವು ನಾಪೋಕ್ಲಿನಲ್ಲಿಯೇ ನಡೆಯಿತು. ಆ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುವು. ಅದರ ಬೆನ್ನಿಗೆ ಕೊರೋನಾ ವ್ಯಾಧಿಯು ಬಂದಿತು. ನಮ್ಮೆಯು ನಾಲ್ಕು ವರ್ಷ ನಿಂತುಹೋಯಿತು. “ಮುಂದಿನ ವರ್ಷ ಆದೀತು” ಎಂದು ಆಕೆ ಪ್ರತಿ ಯುಗಾದಿಗೂ ಹೇಳುತ್ತಿದ್ದಳು. 2021ರ ಜೂನ್ ತಿಂಗಳಲ್ಲಿ ತೀರಿಕೊಂಡಳು. 2023ರಲ್ಲಿ ಉತ್ಸವವು ಪುನಃ ಆರಂಭವಾದುದು ನಾಪೋಕ್ಲಿನಲ್ಲಿಯೇ. ಆ ವರ್ಷ ನಮಗೆ ಹೋಗಲು ಮನಸ್ಸಾಗಲಿಲ್ಲ.

ಬೈಸಿಕಲ್ಲನ್ನು ಕೊಂಡವಳೂ ಆಕೆಯೇ. ನಾವು ನಿವೃತ್ತರಾದಾಗ, ಕುಳಿತಲ್ಲಿಯೇ ಕೂರಬಾರದೆಂದು ತಂದುಕೊಟ್ಟಳು. ಅದು ಬಹುಕಾಲ ತರಕಾರಿ ಪೇಟೆಗಷ್ಟೇ ಹೋಗಿಬರುತ್ತಿದ್ದಿತು. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಸುಂಟಿಕೊಪ್ಪದ ಏರನ್ನು ನೋಡುತ್ತ, “ಈ ರಸ್ತೆಯನ್ನು ತುಳಿದುಕೊಂಡು ಹತ್ತಿದರೇ ಗೊತ್ತಾಗುವುದು” ಎಂದು ಆಕೆ ಹೇಳಿದ ಮಾತು ನಮ್ಮಲ್ಲಿ ಉಳಿದಿದ್ದಿತು. ಮೊದಲು ಇಲವಾಲ, ಅನಂತರ ಹುಣಸೂರು, ಹೀಗೆ ದೂರವನ್ನು ಬೆಳೆಸಿಕೊಂಡೆವು. ದೂರದ ಸವಾರರಲ್ಲಿ ‘ಬ್ರೆವೆ’ ಎಂಬ ಪರೀಕ್ಷೆಯುಂಟು; 1921ರಿಂದ ಪ್ಯಾರಿಸಿನ ಒಂದು ಸಂಘವು ನಡೆಸಿಕೊಂಡು ಬಂದಿರುವ ಪದ್ಧತಿ, ಈಗ ನಮ್ಮ ದೇಶದಲ್ಲಿಯೂ ಇದೆ. 200 ಕಿಲೋಮೀಟರುಗಳನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಬೇಕು. ಅಲ್ಲಿ ಪಂದ್ಯವಿಲ್ಲ, ಮೊದಲಿಗನೆಂಬ ಬಹುಮಾನವಿಲ್ಲ. 2024ರ ಜನವರಿಯಲ್ಲಿ ನಾವು ಅದನ್ನು 20 ನಿಮಿಷ ಉಳಿದಿರುವಾಗ ಮುಗಿಸಿದೆವು. ಇನ್ನು ನಾಪೋಕ್ಲಿಗೆ ಹೋಗಬಹುದೆಂಬ ಧೈರ್ಯ ಬಂದಿತು.

ಬೆಳಗಿನ 5 ಗಂಟೆಗೆ ಮೈಸೂರನ್ನು ಬಿಟ್ಟೆವು. ಬಿಳಿಕೆರೆಯಲ್ಲಿ ಬೆಳಕು ಹರಿಯಿತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥವು ಬೇಸಗೆಗೆ ಸೊರಗಿ ಬಂಡೆಗಳ ನಡುವೆ ಅಡಗಿದ್ದಿತು. ಅಲ್ಲಿ ಇಡ್ಲಿ ತಿಂದು ಹೊರಟರೆ ಪಿರಿಯಾಪಟ್ಟಣದವರೆಗೂ ಹೊಗೆಸೊಪ್ಪಿನ ಸೀಮೆ. ಸೊಪ್ಪನ್ನು ಹದಮಾಡುವ ಎತ್ತರದ ಗೂಡುಗಳು ಹೊಲಗಳ ನಡುವೆ ನಿಂತಿರುವುವು. ಬಿಸಿಲೇರಿದ ಮೇಲೆ ಈ ಭಾಗವು ದೀರ್ಘವೂ ನೀರಸವೂ ಆದುದು. ಬೈಲಕುಪ್ಪೆಯ ಬಳಿ ಬೌದ್ಧಧ್ವಜಗಳು ಕಾಣಿಸತೊಡಗಿದುವು. ತಿಬೇಟಿನಿಂದ ನೆಲೆ ತಪ್ಪಿ ಬಂದವರು 1961ರಿಂದ ಇಲ್ಲಿ ಹೊಸ ಊರನ್ನು ಕಟ್ಟಿಕೊಂಡಿದ್ದಾರೆ. ಕೊಪ್ಪದ ಆಚೆ ಕಾವೇರಿಯನ್ನು ದಾಟಿದೊಡನೆ ಕುಶಾಲನಗರ, ಕೊಡಗಿನ ಹೊಸ್ತಿಲು. ಆ ದಿನ ಅಲ್ಲಿಯೇ ತಂಗಿದೆವು.

ಮರುದಿನದ ದಾರಿಯು ಬೇರೆಯೇ ಲೋಕ. ಆನೆಕಾಡಿನ ಮರಗಳ ನೆರಳು, ತಣ್ಣನೆಯ ಗಾಳಿ. ಸುಂಟಿಕೊಪ್ಪದಿಂದ ಮೇಲೆ ಎರಡು ಕಡೆಯೂ ಕಾಫಿಯ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಏರು ಕಡಿದಾಗಿಲ್ಲ, ಆದರೆ ಮುಗಿಯುವುದೂ ಇಲ್ಲ. ಒಂದು ತಿರುವು ಕಳೆದರೆ ಇನ್ನೊಂದು. ಬಸ್ಸು ಇಲ್ಲಿ ಗೇರು ಬದಲಿಸಿ ನರಳುವಾಗ ಆಕೆ ಕಿಟಕಿಯಿಂದ ತೋರಿಸುತ್ತಿದ್ದ ಹಲಸಿನ ಮರ, ಗೇಟು, ಒಂಟಿ ಮನೆಗಳು ಈಗ ಒಂದೊಂದಾಗಿ ನಿಧಾನವಾಗಿ ಬಂದು, ನಿಧಾನವಾಗಿ ಹಿಂದೆ ಸರಿದುವು. ಎರಡು ಬಾರಿ ಇಳಿದು ತಳ್ಳಿದೆವು. ಬೋಯಿಕೇರಿಯಲ್ಲಿ ಕುಳಿತು ಕಿತ್ತಳೆ ಸುಲಿದು ತಿಂದೆವು. ಮಡಿಕೇರಿಯನ್ನು ಸೇರಿದಾಗ 11 ಗಂಟೆ. ಅಲ್ಲಿಂದ ನಾಪೋಕ್ಲಿಗೆ ಬಹುಮಟ್ಟಿಗೆ ಇಳಿಜಾರು.

ನೆರೆಮನೆಯ ಹಿರಿಯಮ್ಮನವರಿಗೆ ಈಗ 85ರ ಮೇಲೆ. ಜಗಲಿಯಲ್ಲಿಯೇ ಕುಳಿತಿದ್ದರು. “ಬನ್ನಿ ಅಳಿಯಂದಿರೇ. ಬಸ್ಸಿನ ಹೊತ್ತಲ್ಲವಲ್ಲ, ಹೇಗೆ ಬಂದಿರಿ?” ಎಂದರು. ಬೈಸಿಕಲ್ಲನ್ನು ತೋರಿಸಿದೆವು. ಎದ್ದು ಬಂದು ಅದರ ಹ್ಯಾಂಡಲ್ ಹಿಡಿದು ನೋಡಿ, “ಇದು ಅವಳ ಹಠವೇ” ಎಂದು ಒಳಗೆ ಹೋದರು. ಊಟಕ್ಕೆ ಕಡಂಬುಟ್ಟು ಸಿದ್ಧವಿದ್ದಿತು.

ಆ ವರ್ಷದ್ದು ಕುಂಡ್ಯೋಳಂಡ ಕಪ್ಪು. 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮೈದಾನದ ಸುತ್ತ ಜಾತ್ರೆಯಷ್ಟು ಜನ. ಧ್ವನಿವರ್ಧಕದಲ್ಲಿ ಕೊಡವ ಭಾಷೆಯ ವೀಕ್ಷಕವಿವರಣೆ. ನಮ್ಮ ತಂಡವು (ಹೀಗೆನ್ನಲು ನಮಗೆ ಈಗ ಅಧಿಕಾರವಿದೆಯೆಂದು ಭಾವಿಸುತ್ತೇವೆ) ಮೊದಲ ಸುತ್ತನ್ನು ಗೆದ್ದಿದ್ದಿತು; ಆ ಮಧ್ಯಾಹ್ನ 3-1ರಿಂದ ಸೋತಿತು. ಆಟ ಮುಗಿದ ಮೇಲೆ ನೀಲಿ ಪುಸ್ತಕವನ್ನು ತೆರೆದು, 2018ರ ಕೆಳಗೆ ಒಂದು ಗೆರೆ ಎಳೆದು, ದಿನಾಂಕವನ್ನೂ ಗೋಲುಗಳ ಸಂಖ್ಯೆಯನ್ನೂ ಬರೆದೆವು.

ಹಿರಿಯಮ್ಮನವರು ಕನ್ನಡಕವನ್ನು ಸರಿಪಡಿಸಿಕೊಂಡು ಓದಿದರು. “ಇಷ್ಟೇ ಏನು? ಅವಳು ಹೀಗೆ ಬರೆಯುತ್ತಿರಲಿಲ್ಲ” ಎಂದು ಹಿಂದಿನ ಹಾಳೆಗಳನ್ನು ತಿರುವಿದರು. ನಿಜ. ಅಲ್ಲಿ ಗೋಲಿನ ಲೆಕ್ಕವು ಮೂಲೆಯಲ್ಲಿ ಎಲ್ಲಿಯೋ ಇರುವುದು. ಉಳಿದುದೆಲ್ಲ ಯಾರು ಯಾವ ಊರಿನಿಂದ ಆಡಲು ಬಂದರು, ಯಾರ ಕಾಲು ಉಳುಕಿತು, ಸೋತು ಅತ್ತ ಹುಡುಗನಿಗೆ ಯಾರು ಶರಬತ್ತು ಕೊಡಿಸಿದರು ಎಂಬುದು. “ಬರೆದುಕೊಳ್ಳಿ” ಎಂದರು ಅವರು. “ಗೋಲು ಕಾಯ್ದವಳು ನಮ್ಮ ಎರಡನೆಯ ಮೊಮ್ಮಗನ ಹೆಂಡತಿ. ಮನೆಯಲ್ಲಿ ಆರು ತಿಂಗಳ ಕೂಸಿದೆ. ಆಟದ ನಡುವೆ ಹೋಗಿ ಹಾಲು ಕೊಟ್ಟು ಬಂದಳು. ಅದನ್ನು ಬರೆಯಿರಿ.” ಬರೆದೆವು. ಒಂದೂವರೆ ಪುಟವಾಯಿತು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು.

ಬೆಳಿಗ್ಗೆ ಹೊರಡುವಾಗ ಅವರ ಮಗನು, ಮುಂದಿನ ವರ್ಷದ ಉತ್ಸವವು ಮಡಿಕೇರಿಯಲ್ಲಿ ನಡೆಯುವುದೆಂದೂ, ನಮಗೆ 20 ಕಿಲೋಮೀಟರು ಉಳಿಯಿತೆಂದೂ ಹೇಳಿದನು. ಹಿರಿಯಮ್ಮನವರು ಜಗಲಿಯಿಂದಲೇ, “ಉಳಿಯುವುದೇನು? ಆಟ ಅಲ್ಲಿಯಾದರೂ ಊಟ ಇಲ್ಲಿಯೇ” ಎಂದರು.